ನೂರು ಮಣಿಯ ಮಾಲೆ, ನೂರು ಸೆಂಟ್ಸ್ ಮಳೆ

(ಚಿಕ್ಕಮಗಳೂರಿನಲ್ಲಿ ನಿವೃತ್ತರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಸರ್ವೆ ಇಲಾಖೆಯಲ್ಲಿದ್ದವನು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಕೆಲಸ ಮಾಡಿದ್ದೇನೆ. ಸರಪಳಿ ಎಳೆಸಿದ್ದೇನೆ, ಪೊದೆಯೊಳಗೆ ಗಡಿ ಗುರುತಿನ ಬಾಂದು ಕಲ್ಲು ಹುಡುಕಿದ್ದೇನೆ, ಹದ್ದುಬಸ್ತಿಗೆ, ಅಂದರೆ ಗಡಿ ಗೊತ್ತು ಮಾಡಲು, ಹೋಗಿ ಅಣ್ಣತಮ್ಮಂದಿರ ಜಗಳದ ನಡುವೆ ಟಿಪ್ಪಣಿ ಎಂಬ ಅಳತೆ ನಕ್ಷೆ ಬಿಡಿಸಿ ಹಿಡಿದು ನಿಂತಿದ್ದೇನೆ. ಆಗೆಲ್ಲ ಅಳೆಯುವುದಷ್ಟೇ ಕೆಲಸ. ಈ ಅಳತೆ ಎಲ್ಲಿಂದ ಬಂತು ಅಂತ ಕೇಳುವಷ್ಟು ಪುರುಸೊತ್ತು ಇರಲಿಲ್ಲ. ಈಗ ಇದೆ. ಯಾವ ಅಂಕಿ ಕಣ್ಣಿಗೆ ಬಿದ್ದರೂ ಎರಡು ಪ್ರಶ್ನೆ ಬರುತ್ತವೆ. ಯಾರು ಅಳೆದರು? ಯಾವುದರಿಂದ ಅಳೆದರು? ಇವತ್ತಿನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ. ಕೊನೆಯಲ್ಲಿ ನಿಮ್ಮ ಹತ್ತಿರ ಕೇಳಿಕೊಳ್ಳುವುದೂ ಒಂದು ಇದೆ.

ನಮ್ಮನ್ನೆಲ್ಲ ಹಾರ ಹಾಕಿ ಮನೆಗೆ ಕಳಿಸಿದ 60 ಎಂಬ ಅಂಕಿಯಿಂದಲೇ ಶುರು ಮಾಡೋಣ. ಇಷ್ಟು ವಯಸ್ಸಾದರೆ ಪಿಂಚಣಿ ಎಂಬ ಸರ್ಕಾರಿ ಏರ್ಪಾಡನ್ನು ದೇಶದ ಕೂಲಿ ಕಾರ್ಮಿಕರಿಗೆಲ್ಲ ತಂದ ಹೆಸರಾಂತ ಕಾನೂನು ಜರ್ಮನಿಯದು. ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲಿ. ಆಗ ಗೊತ್ತು ಮಾಡಿದ ವಯಸ್ಸು 70. ಬಹಳ ಕಡೆ 65 ಎಂದು ಬರೆದಿರುತ್ತಾರೆ, ಆದರೆ 65ಕ್ಕೆ ಇಳಿದದ್ದು 1916ರಲ್ಲಿ. ಅಷ್ಟು ವರ್ಷ ಬದುಕುವವರೇ ಕಡಿಮೆ ಇದ್ದ ಕಾಲ ಅದು. ನಮ್ಮಲ್ಲಿ ಈಗ 60ಕ್ಕೆ ನಿವೃತ್ತರಾದವರು ಇನ್ನೂ 20, 25 ವರ್ಷ ಗಟ್ಟಿಯಾಗಿ ಓಡಾಡುತ್ತಾರೆ. ಇದೇ ಸಭೆಯಲ್ಲಿ ಅಂಥವರು ಎಷ್ಟು ಜನ ಕೂತಿದ್ದೀರಿ!

ಓಡಾಟ ಎಂದ ಕೂಡಲೇ ಹೆಜ್ಜೆ ಲೆಕ್ಕ ನೆನಪಾಗುತ್ತದೆ. ಬೆಳಿಗ್ಗೆ ವಾಕಿಂಗ್ ಬರುವವರಿಗೆಲ್ಲ 10,000 ಹೆಜ್ಜೆ ಒಂದು ವ್ರತ. ನಮ್ಮ ಜೊತೆ ಬರುವ ಮೇಷ್ಟ್ರೊಬ್ಬರು ಫೋನಿನಲ್ಲಿ ಅಂಕಿ ಮುಟ್ಟದಿದ್ದರೆ ಮನೆಯ ಗೇಟಿನ ಮುಂದೆ ಅಡ್ಡಾಡಿ ಮುಗಿಸಿಯೇ ಒಳಗೆ ಹೋಗುವುದು. ಈ ಹತ್ತು ಸಾವಿರವನ್ನು ಹೇಳಿದ ವೈದ್ಯರು ಯಾರು ಎಂದು ಹುಡುಕಿದೆ. ವೈದ್ಯರಲ್ಲ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ಅದರ ಮರುವರ್ಷ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಕಟ್ಟಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ಮಾನ್‌ಪೋ-ಕೇ, ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಹೆಸರಿನಿಂದ ಹೊರಟ ಅಂಕಿ ಇವತ್ತು ಪ್ರಪಂಚದ ಎಲ್ಲ ಫೋನುಗಳಲ್ಲೂ ಕೂತಿದೆ.

ಹಾಗಾದರೆ ನಮ್ಮ ವಯಸ್ಸಿನವರಿಗೆ ಎಷ್ಟು ಸಾಕು? 2019ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಸರಾಸರಿ 72 ವರ್ಷದ ಸುಮಾರು 16,700 ಮಹಿಳೆಯರ ಸೊಂಟಕ್ಕೆ ಯಂತ್ರ ಕಟ್ಟಿ, ಆಮೇಲೆ ಕೆಲವು ವರ್ಷ ಅವರ ಸಾವು ಬದುಕನ್ನು ಗಮನಿಸಿದರು. ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವು ಸಾಕಷ್ಟು ಕಡಿಮೆ. 7,500ರ ಹತ್ತಿರ ಬಂದ ಮೇಲೆ ಇನ್ನೂ ನಡೆದರೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯ ಇದ್ದವರೇ ಜಾಸ್ತಿ ನಡೆದಿರಬಹುದು ಅಲ್ವಾ? ಅದಕ್ಕೆ ಇದನ್ನು ಕೊನೆಯ ಮಾತು ಎಂದು ತಗೋಬೇಡಿ. ಆದರೆ ಮಂಡಿ ನೋವಿದ್ದೂ ಹತ್ತು ಸಾವಿರಕ್ಕಾಗಿ ಒದ್ದಾಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಹೆಜ್ಜೆ ಎಣಿಸುವುದರಲ್ಲಿ ನಾನು ಕೈ ಮುಗಿಯುವ ಮನುಷ್ಯ ಬೇರೆ ಇದ್ದಾನೆ. ಹೆಸರು ನೈನ್ ಸಿಂಗ್ ರಾವತ್. ಕುಮಾವೂನ್ ಬೆಟ್ಟಗಳ ಕಡೆಯ ಹಳ್ಳಿಯ ಮೇಷ್ಟ್ರು. ಟಿಬೆಟ್ಟಿಗೆ ಹೊರಗಿನವರನ್ನು ಬಿಡದಿದ್ದ ಕಾಲ. ಬ್ರಿಟಿಷ್ ಸರ್ಕಾರದ ಸರ್ವೆಯವರು ಈತನಿಗೆ ಡೆಹ್ರಾಡೂನಿನಲ್ಲಿ ತರಬೇತಿ ಕೊಟ್ಟು ಯಾತ್ರಿಕನ ವೇಷದಲ್ಲಿ ಕಳಿಸಿದರು. ಏರಿರಲಿ, ಇಳಿಜಾರಿರಲಿ, ಒಂದೇ ಉದ್ದದ ಹೆಜ್ಜೆ ಇಡುವುದನ್ನು ಮೊದಲು ಕಲಿಸಿದರು. ಕೈಯಲ್ಲಿ ಜಪಮಾಲೆ. ಮಾಲೆಯಲ್ಲಿ 108 ಮಣಿ ಇರಬೇಕು, ಇವನದ್ದರಲ್ಲಿ 100 ಮಾತ್ರ. ಪ್ರತಿ ನೂರು ಹೆಜ್ಜೆಗೆ ಒಂದು ಮಣಿ ಸರಿಸುವುದು. ಒಂದು ಸುತ್ತು ಮಾಲೆ ಮುಗಿದರೆ ಹತ್ತು ಸಾವಿರ ಹೆಜ್ಜೆ, ಸುಮಾರು 5 ಮೈಲಿ. ಜಪಾನಿನ ಯಂತ್ರ ಬರುವುದಕ್ಕೆ ನೂರು ವರ್ಷ ಮೊದಲೇ ಇವನ ಕೈಯಲ್ಲಿ ಹತ್ತು ಸಾವಿರದ ಲೆಕ್ಕ ಇತ್ತು! ಬೌದ್ಧರು ತಿರುಗಿಸುವ ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಅಳತೆ ಬರೆದ ಚೀಟಿ, ಊರುಗೋಲಿನೊಳಗೆ ಥರ್ಮಾಮೀಟರು. 1866ರ ಜನವರಿಯಲ್ಲಿ ಲಾಸಾ ಮುಟ್ಟಿದ. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ನಮ್ಮ ಶಾಲೆಯ ಪಾಠಗಳಲ್ಲಿ ಈತನ ಹೆಸರು ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಥರ್ಮಾಮೀಟರು ಯಾಕೆ? ನೀರು ಕುದಿಸಲು. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಶಾಖ ಒಂದು ಡಿಗ್ರಿ ಇಳಿಯುತ್ತದೆ. ನೈನ್ ಸಿಂಗ್ ದಾರಿಯಲ್ಲಿ ನೀರು ಕುದಿಸಿ, ಶಾಖ ನೋಡಿ, ಊರಿನ ಎತ್ತರ ಬರೆದುಕೊಂಡ. ಈ ಲೆಕ್ಕವನ್ನು ನಮ್ಮ ಅಡುಗೆಮನೆಗೆ ತನ್ನಿ. ಮಂಗಳೂರಿನಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಸಾವಿರ ಮೀಟರ್ ಆಸುಪಾಸಿನಲ್ಲಿರುವ ಚಿಕ್ಕಮಗಳೂರು, ಹಾಸನದಲ್ಲಿ 96, 97ಕ್ಕೇ ಕೊತಕೊತ ಅನ್ನುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಒಲೆ ಹಚ್ಚಿದರೆ 93, 94. ಕರಾವಳಿಯಿಂದ ಬಂದ ಸೊಸೆ, ಇಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಜಾಸ್ತಿ ಹೊತ್ತು ಬೇಕು ಎಂದರೆ ಅವಳ ಮಾತು ನಿಜ. ಕುಕ್ಕರ್ ಒಳಗೆ ಒತ್ತಡ ಏರಿಸಿ ಆ ಕೊರತೆಯನ್ನು ತುಂಬಿಕೊಳ್ಳುತ್ತೇವೆ.

ಕಾಫಿಗೆ ಮಾತ್ರ ಇದು ಅನುಕೂಲವೇ. ಪುಡಿಯ ಮೇಲೆ ಸುರಿಯುವ ನೀರು 92ರಿಂದ 96 ಡಿಗ್ರಿ ಇದ್ದರೆ ಒಳ್ಳೆಯದು ಎನ್ನುತ್ತಾರೆ ಕಾಫಿ ರುಚಿ ಬಲ್ಲವರು. ಕರಾವಳಿಯವರು ಕುದಿಸಿದ ನೀರನ್ನು ಸ್ವಲ್ಪ ಹೊತ್ತು ಬಿಟ್ಟು ಹಾಕಬೇಕು. ನಮ್ಮಲ್ಲಿ ಒಲೆಯಿಂದ ಇಳಿಸಿ ಫಿಲ್ಟರಿಗೆ ಹಾಕುವಷ್ಟರಲ್ಲಿ ಆ ಹದಕ್ಕೆ ಬಂದೇ ಇರುತ್ತದೆ. ಬಾಬಾ ಬುಡನ್ ಅವರು 1670ರ ಸುಮಾರಿಗೆ ಯೆಮೆನ್‌ನಿಂದ ತಂದರು ಎನ್ನುವ ಏಳು ಬೀಜ ಬಿದ್ದದ್ದು ಕೂಡ ಇದೇ ಬೆಟ್ಟದಲ್ಲಿ.

ಅಡುಗೆಮನೆಯಲ್ಲೇ ಇನ್ನೊಂದು ನಿಮಿಷ ಇರೋಣ. ನಮ್ಮ ಮನೆಯವರು ಅಕ್ಕಿ ಅಳೆಯುವುದು ಇವತ್ತಿಗೂ ಪಾವಿನಲ್ಲಿ. ಹಿತ್ತಾಳೆ ಪಾವು, ಅವರ ಅಮ್ಮ ಕೊಟ್ಟದ್ದು. ಚಟಾಕು, ಅರೆಪಾವು, ಪಾವು, ಅಚ್ಚೇರು, ಸೇರು. ಪ್ರತಿ ಮೆಟ್ಟಿಲಿಗೂ ಎರಡು ಪಟ್ಟು, ಚಟಾಕಿನಿಂದ ಅರೆಪಾವಿಗೆ, ಅರೆಪಾವಿನಿಂದ ಪಾವಿಗೆ, ಹೀಗೆ. ಓದು ಬರಹ ಬಾರದ ಅಜ್ಜಿಯೂ ಅರ್ಧಕ್ಕೆ ಅರ್ಧ ಮಾಡುತ್ತಾ ಲೆಕ್ಕ ತಪ್ಪದೆ ಕೊಡುತ್ತಿದ್ದಳು. ದುಡ್ಡೂ ಹಾಗೇ. ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. 1957ರ ಏಪ್ರಿಲ್ 1ಕ್ಕೆ ನೂರು ನಯಾಪೈಸೆಯ ರೂಪಾಯಿ ಬಂತು. ಮರುವರ್ಷ ಅಕ್ಟೋಬರಿನಿಂದ ಕಿಲೋ, ಗ್ರಾಂ ತೂಕಗಳು ಶುರುವಾದವು.

ಆಣೆ ಅಲ್ಲಿಗೆ ಹೋಯಿತು ಎಂದುಕೊಂಡಿರಾ? ನಿಮ್ಮ ಪಹಣಿ ತೆಗೆದು ನೋಡಿ. ಎಕರೆ, ಗುಂಟೆ, ಆದ ಮೇಲೆ ಆಣೆ ಇದೆ. ಜೇಬಿನಿಂದ ಹೋದ ಆಣೆ ಜಮೀನಿನಲ್ಲಿ ಉಳಿದಿದೆ.

ಈಗ ನನ್ನ ಸರಪಳಿಗೆ ಬರುತ್ತೇನೆ. ಇದರ ಬಗ್ಗೆ ನಾನು ಜಾಸ್ತಿ ಮಾತಾಡಿದರೆ ತಡೆಯಬೇಡಿ. ನಮ್ಮ ಕಡೆಯ ಸರ್ವೆ ಸರಪಳಿ 33 ಅಡಿ. ಅದಕ್ಕೆ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ, 43,560 ಚದರ ಅಡಿ. 30-40ರ ಸೈಟು 1,200 ಚದರ ಅಡಿ, ಹಾಗಾಗಿ ಒಂದು ಗುಂಟೆಗಿಂತ ಸ್ವಲ್ಪ ದೊಡ್ಡದು. ಒಂದು ಆಣೆ ನೆಲ ಎಂದರೆ ಗುಂಟೆಯ ಹದಿನಾರನೇ ಒಂದು ಭಾಗ, ಸುಮಾರು 68 ಚದರ ಅಡಿ, ಒಂದು ಸಣ್ಣ ಬಚ್ಚಲುಮನೆಗೆ ಆದೀತು. ಅಷ್ಟಕ್ಕಾಗಿ ಕೋರ್ಟಿಗೆ ಹೋದವರನ್ನು ನೋಡಿದ್ದೇನೆ.

33 ಎಂಬ ವಿಚಿತ್ರ ಅಂಕಿ ಯಾಕೆ? 30 ಅಥವಾ 50 ಮಾಡಬಹುದಿತ್ತಲ್ಲ? ಇದರ ಮೂಲ ಇಂಗ್ಲೆಂಡಿನಲ್ಲಿದೆ. 1620ರಲ್ಲಿ ಎಡ್ಮಂಡ್ ಗುಂಟರ್ ಎಂಬ ಗಣಿತಗಾರ 66 ಅಡಿಯ, ನೂರು ಕೊಂಡಿಯ ಸರಪಳಿಯನ್ನು ಬಳಕೆಗೆ ತಂದ. ಒಂದು ಸರಪಳಿ ಅಗಲ, ಹತ್ತು ಸರಪಳಿ ಉದ್ದ ಆದರೆ ಸರಿಯಾಗಿ ಒಂದು ಎಕರೆ. 80 ಸರಪಳಿ ಆದರೆ ಒಂದು ಮೈಲಿ. ಎಕರೆ, ಮೈಲಿಯಂಥ ಹಳೆಯ ಒರಟು ಅಳತೆಗಳನ್ನು ನೂರರ ಸುಲಭ ಲೆಕ್ಕದೊಳಗೆ ತಂದುಬಿಟ್ಟ. ಆ ಸರಪಳಿಯ ಅರ್ಧವೇ ನಮ್ಮ 33 ಅಡಿ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಬ್ರಿಟಿಷ್ ಅಧಿಕಾರಿ ಬೌರಿಂಗ್ ಇಲ್ಲಿ ಕಮಿಷನರ್ ಆಗಿದ್ದ ಕಾಲ. ಇವತ್ತಿಗೂ ಹದ್ದಿನ ಜಗಳ ಬಂದರೆ ಹಳೆಯ ಟಿಪ್ಪಣಿಗಳನ್ನೇ ಬಿಡಿಸಿ ನೋಡಬೇಕು.

ರಜಕ್ಕೆ ಬಂದ ಮೊಮ್ಮಗ ಖಾಲಿ ಸೈಟಿನಲ್ಲಿ ಕ್ರಿಕೆಟ್ ಆಡಲು, "ಅಜ್ಜ, ಪಿಚ್ ಅಳೆದುಕೊಡು" ಅಂದ. ಪಿಚ್ ಎಷ್ಟು ಎಂದು ಕೇಳಿದೆ. 22 ಗಜ ಅಂದ. 22 ಗಜ ಎಂದರೆ 66 ಅಡಿ. ಗುಂಟರ್ ಸರಪಳಿ ಒಂದು, ನಮ್ಮ ಸರಪಳಿ ಎರಡು. ಟಿ.ವಿ.ಯಲ್ಲಿ ಪ್ರಪಂಚವೆಲ್ಲ ನೋಡುವ ಆ ಪಟ್ಟಿಯ ಉದ್ದ ನಮ್ಮ ಕಸುಬಿನ ಸರಪಳಿಯದೇ. ಅವನಿಗೆ ಇದನ್ನು ಹೇಳುವಾಗ ನನಗಾದ ಸಂತೋಷ ಸಣ್ಣದಲ್ಲ.

ಸರಪಳಿಗೂ ಮೊದಲು ಏನಿತ್ತು? ಬೇಲೂರು, ಹಳೇಬೀಡು ಸುತ್ತಿನ ಹೊಯ್ಸಳರ ಶಾಸನಗಳಲ್ಲಿ ಗಳೆ ಎಂಬ ಅಳತೆಕೋಲು ಬರುತ್ತದೆ, ಕಂಬ ಎಂಬ ನೆಲದ ಅಳತೆ ಬರುತ್ತದೆ, ಖಂಡುಗ ಬರುತ್ತದೆ. ಖಂಡುಗ ಧಾನ್ಯದ ಅಳತೆ, 20 ಕೊಳಗ. ಒಂದು ಖಂಡುಗ ಬೀಜ ಹಿಡಿಯುವಷ್ಟು ನೆಲವೇ ಒಂದು ಖಂಡುಗ ಗದ್ದೆ. ಆದ್ದರಿಂದ ಎಲ್ಲ ಕಡೆ ಒಂದೇ ವಿಸ್ತೀರ್ಣ ಬರುವುದಿಲ್ಲ. ಕೆಲಸದಲ್ಲಿದ್ದಾಗ ಇದು ಸಡಿಲ ಅಳತೆ ಎನ್ನಿಸುತ್ತಿತ್ತು. ಈಗ ಯೋಚಿಸಿದರೆ, ಬಿತ್ತುವವನಿಗೆ ಬೇಕಾದ ವಿಷಯ ಅದರಲ್ಲೇ ಇದೆ. ಎಷ್ಟು ಬೀಜ ಕಟ್ಟಿಕೊಂಡು ಹೋಗಬೇಕು ಎಂಬುದನ್ನು ಗದ್ದೆಯ ಅಳತೆಯೇ ಹೇಳುತ್ತದೆ. ಎಕರೆ ಅದನ್ನು ಹೇಳುವುದಿಲ್ಲ.

ಈಗಿನ ಹುಡುಗರು ರೋವರ್ ಹಿಡಿದು ಅಳೆಯುತ್ತಾರೆ. ಸುಮಾರು 20,000 ಕಿಲೋಮೀಟರ್ ಮೇಲಿರುವ ಜಿ.ಪಿ.ಎಸ್. ಉಪಗ್ರಹಗಳ ಸಂಕೇತ ಹಿಡಿದು ನಿಂತ ಜಾಗ ಹೇಳುವ ಯಂತ್ರ. ಆ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ, ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ 38 ಭಾಗದಷ್ಟು, ಮುಂದೆ ಓಡುತ್ತದೆ. ಐನ್‌ಸ್ಟೈನ್ ಲೆಕ್ಕದ ಪ್ರಕಾರ ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಸುಮಾರು 10 ಕಿಲೋಮೀಟರ್ ತಪ್ಪು. ಮೂಡಿಗೆರೆಯ ತೋಟದ ಬೇಲಿ ಎಲ್ಲಿ ಬರಬೇಕು ಎಂದು ಹೇಳಲು ಐನ್‌ಸ್ಟೈನ್ ಬೇಕಾಗಿದೆ!

ಹಾಸನದವರಿಗೆ ಉಪಗ್ರಹ ಹೊಸದಲ್ಲ. 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಅಲ್ಲೇ ಇದೆ. ಸುಮಾರು 36,000 ಕಿಲೋಮೀಟರ್ ಮೇಲೆ, ಭೂಮಿಯ ಜೊತೆ ಜೊತೆಗೇ ಸುತ್ತುವ ನಮ್ಮ ದೇಶದ ಉಪಗ್ರಹಗಳನ್ನು ಅಲ್ಲಿಂದ ಕಾಯುತ್ತಾರೆ. ರೇಡಿಯೋ ಸಂಕೇತ ಹೋಗಿ ಬರಲು ಸುಮಾರು ಕಾಲು ಸೆಕೆಂಡು, ಆ ಸಮಯ ಅಳೆದೇ ದೂರ ಕಂಡುಹಿಡಿಯುವುದು. ಮನೆಯಲ್ಲಿ ಡಿಶ್ ಇರುವವರು ಒಂದು ಗಮನಿಸಿ. ಮಾರ್ಚ್ ಮಧ್ಯದಲ್ಲಿ ಮತ್ತೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೆಲವು ದಿನ, ಒಂದು ಗೊತ್ತಾದ ಹೊತ್ತಿಗೆ ಐದಾರು ನಿಮಿಷ ಚಿತ್ರ ಒಡೆಯಬಹುದು. ಡಿಶ್ ಕೆಟ್ಟಿರುವುದಿಲ್ಲ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಂತಿರುತ್ತಾನೆ, ಅವನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ದನಿ ಮುಳುಗುತ್ತದೆ.

ಭೂಮಿಯ ಸುತ್ತಳತೆ ಹೆಚ್ಚು ಕಡಿಮೆ 40,000 ಕಿಲೋಮೀಟರ್. ಇಷ್ಟು ದುಂಡು ಅಂಕಿ ಹೇಗೆ ಬಂತು ಅಂತ ಯಾವಾಗಲಾದರೂ ಯೋಚಿಸಿದ್ದೀರಾ? 1790ರ ದಶಕದಲ್ಲಿ ಫ್ರಾನ್ಸಿನವರು ಮೀಟರನ್ನು ಹುಟ್ಟಿಸಿದ್ದೇ ಭೂಮಿಯಿಂದ. ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರದ ಒಂದು ಕೋಟಿಯ ಒಂದು ಭಾಗಕ್ಕೆ ಮೀಟರ್ ಎಂದರು. ಹಾಗಾಗಿ ಕಾಲು ಸುತ್ತು ಹತ್ತು ಸಾವಿರ ಕಿಲೋಮೀಟರ್, ಪೂರ್ತಿ ಸುತ್ತು ನಲವತ್ತು ಸಾವಿರ. ಬಟ್ಟೆ ಅಂಗಡಿಯಲ್ಲಿ ಪಂಚೆ ಅಳೆಯುವ ಕಬ್ಬಿಣದ ಪಟ್ಟಿಯ ಹಿಂದೆ ಇಡೀ ಭೂಮಿ ಇದೆ.

ಅಳತೆ ಹೇಗೆ ದಾರಿ ತಪ್ಪುತ್ತದೆ ಎನ್ನುವುದಕ್ಕೆ ನಮ್ಮ ಜಿಲ್ಲೆಗಳಲ್ಲೇ ಒಳ್ಳೆಯ ಉದಾಹರಣೆ ಇದೆ. ಶ್ರವಣಬೆಳಗೊಳದ ಗೊಮ್ಮಟ ಎಷ್ಟು ಎತ್ತರ? ಸಾವಿರ ವರ್ಷದಿಂದ ಅಲ್ಲಾಡದೆ ನಿಂತ ಮೂರ್ತಿ. 1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಕೊಟ್ಟ ಲೆಕ್ಕ 70 ಅಡಿಗೂ ಜಾಸ್ತಿ. ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಹೇಳಿದ್ದು 60 ಅಡಿಗೆ ತುಸು ಮೇಲೆ. 1865ರಲ್ಲಿ ಬೌರಿಂಗ್ ಅಳೆಸಿದಾಗ 57 ಅಡಿ. ಈಗ ಎಲ್ಲರೂ ಹೇಳುವುದು 58. 1871ರ ಮಸ್ತಕಾಭಿಷೇಕಕ್ಕೆ ಅಟ್ಟಣಿಗೆ ಕಟ್ಟಿದಾಗ ಸರ್ಕಾರದವರು ಹತ್ತಿ ಒಂದೊಂದು ಅಂಗವನ್ನೂ ಅಳೆದರು. ಪಾದದ ಉದ್ದ 9 ಅಡಿ, ಹೆಬ್ಬೆರಳೊಂದೇ 2 ಅಡಿ 9 ಅಂಗುಲ. ಕೆಳಗೆ ಎಲ್ಲಿಂದ ಹಿಡಿದರು, ಮೇಲೆ ಎಲ್ಲಿಗೆ ಬಿಟ್ಟರು, ಹತ್ತಿ ಅಳೆದರೋ ಕೆಳಗೆ ನಿಂತು ಅಂದಾಜು ಮಾಡಿದರೋ ಎಂಬುದನ್ನು ಅಂಕಿಯ ಜೊತೆ ಬರೆದಿಡದಿದ್ದರೆ, ಕಲ್ಲಿನ ಮೂರ್ತಿಯೂ ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತದೆ, ಕುಗ್ಗುತ್ತದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮಳೆಯ ವಿಷಯಕ್ಕೆ ಬೇಕಾಗುತ್ತದೆ.

ಮಳೆಗೆ ನಮ್ಮ ಹಿರಿಯರು ಇಟ್ಟ ಗಡಿಯಾರ ನಕ್ಷತ್ರ. ಸೂರ್ಯ 27 ನಕ್ಷತ್ರ ದಾಟಲು ಒಂದು ವರ್ಷ, ಒಂದೊಂದಕ್ಕೆ 13 ಅಥವಾ 14 ದಿನ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ಕೊನೆಗೆ ಭರಣಿ, ಜೂನ್ 8ರ ಸುಮಾರಿಗೆ ಮೃಗಶಿರಾ, 22ರ ಸುಮಾರಿಗೆ ಆರಿದ್ರಾ. ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ ಎನ್ನುವ ಮಾತು ಗೊತ್ತಲ್ಲ. ಇದರಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸಿದ ಸಂಗತಿ ಒಂದಿದೆ. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅವತ್ತು ಮಕರ ಸಂಕ್ರಾಂತಿ. ಈಗ ಸಂಕ್ರಾಂತಿ 14 ಅಥವಾ 15ಕ್ಕೆ. ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಅದು ಸೇರುತ್ತಾ ಹೋಗಿ ಸುಮಾರು 70 ವರ್ಷಕ್ಕೆ ಸಂಕ್ರಾಂತಿ ಒಂದು ದಿನ ತಡವಾಗುತ್ತದೆ. ವಿಷ್ಣುವರ್ಧನ ಬೇಲೂರಿನ ಗುಡಿ ಕಟ್ಟಿಸಿದ್ದು 1117ರಲ್ಲಿ. ಅಲ್ಲಿಂದ ಇಲ್ಲಿಗೆ 900 ವರ್ಷ, ಹೆಚ್ಚು ಕಡಿಮೆ ಒಂದು ಪೂರ್ತಿ ನಕ್ಷತ್ರದಷ್ಟು ವ್ಯತ್ಯಾಸ! ಮಳೆಗಾಲ ಋತುವಿನ ಜೊತೆ ಹೋಗುತ್ತದೆ, ನಕ್ಷತ್ರದ ಜೊತೆ ಅಲ್ಲ. ಹಾಗಾದರೆ ಈಗ ಮೃಗಶಿರೆಯಲ್ಲಿ ಕಾಣುವ ಮಳೆ ಹೊಯ್ಸಳರ ಕಾಲದ ರೈತನಿಗೆ ಆರಿದ್ರಾ ಹೆಸರಿನಲ್ಲಿ ಬರುತ್ತಿತ್ತು. ಮಳೆ ಕಾಲಕ್ಕೆ ಸರಿಯಾಗಿ ಬರುತ್ತಿಲ್ಲ ಎಂದು ನಾವು ಗೊಣಗುವಾಗ ಇದೂ ತಲೆಯಲ್ಲಿರಲಿ.

ಈಗ ನಾನು ಹೇಳಲೇಬೇಕು ಎಂದು ಬಂದ ವಿಷಯ. ಮಲೆನಾಡಿನಲ್ಲಿ ಮಳೆಗಾಲದ ಬೆಳಿಗ್ಗೆ ಫೋನ್ ಬಂದರೆ ಮೊದಲ ಮಾತು, "ಎಷ್ಟಾಯ್ತು?" ಉತ್ತರ, "ಒಂದೂವರೆ ಇಂಚು" ಅಥವಾ "ನಲವತ್ತು ಸೆಂಟ್ಸ್." ದೇಶವೆಲ್ಲ ಮಿಲಿಮೀಟರ್ ಅಂದರೂ ಕಾಫಿ ತೋಟಗಳಲ್ಲಿ ಇಂಚು, ಸೆಂಟ್ಸ್. ಇಂಚಿಗೆ ನೂರು ಸೆಂಟ್ಸ್. ಮಂಗಳೂರಿನವರು ಕೇಳಿದರೆ ಜಮೀನಿನ ಮಾತು ಎಂದುಕೊಳ್ಳುತ್ತಾರೆ, ಅಲ್ಲಿ ಎಕರೆಗೆ ನೂರು ಸೆಂಟ್ಸ್. ಹವಾಮಾನ ಇಲಾಖೆಯ ಪ್ರಕಾರ 2.5 ಮಿಲಿಮೀಟರ್ ಆದರೆ ಅದು ಮಳೆಯ ದಿನ. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ಹತ್ತು ಸೆಂಟ್ಸ್.

ಒಂದು ಇಂಚು ಮಳೆ ಎಂದರೆ ಎಷ್ಟು ನೀರು? ಒಂದು ಎಕರೆ ಮೇಲೆ ಒಂದು ಇಂಚು ಬಿದ್ದರೆ 1 ಲಕ್ಷ 2 ಸಾವಿರ ಲೀಟರಿಗೂ ಜಾಸ್ತಿ. 5,000 ಲೀಟರಿನ ಟ್ಯಾಂಕರ್ 20 ಸಲ ಬರಬೇಕು. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಕಾಫಿಗೆ ಮೊಗ್ಗು ಬಿರಿಸುವ ಹೂ ಮಳೆ ಬರದೆ ಸ್ಪ್ರಿಂಕ್ಲರ್ ಹಾಕುವವರಿಗೆ ಈ ಲೆಕ್ಕ ಬೆನ್ನಿನ ಮೇಲಿನ ಭಾರ. ಒಂದು ಇಂಚು ಹದವಾಗಿ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬಿಳಿ. ಕಾಲು ಇಂಚು ಬಿದ್ದು ನಿಂತರೆ ಮೊಗ್ಗು ಅರ್ಧಂಬರ್ಧ ಬಿರಿದು ಕೆಡುತ್ತದೆ. ಅದಕ್ಕೇ ಒಂದೊಂದು ಸೆಂಟ್ಸೂ ಬರೆದಿಡುವ ಅಭ್ಯಾಸ ಬಂದದ್ದು.

ಒಂದೇ ಜಿಲ್ಲೆ ನೋಡಿ. ಕಡೂರು ಕಡೆ ವರ್ಷಕ್ಕೆ 25 ಇಂಚಿನ ಆಸುಪಾಸು. ಕೊಟ್ಟಿಗೆಹಾರ, ಶೃಂಗೇರಿ ಕಡೆ 100 ಇಂಚು ದಾಟುವುದು ಮಾಮೂಲು. ಮೂಡಿಗೆರೆಯ ಘಟ್ಟದ ಅಂಚಿನಲ್ಲಿ ಒಂದು ಹನಿ ಈ ಕಡೆ ಬಿದ್ದರೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಆ ಕಡೆ ಬಿದ್ದರೆ ನೇತ್ರಾವತಿಯಲ್ಲಿ ಅರಬ್ಬೀ ಸಮುದ್ರಕ್ಕೆ. ಅಂಥ ಕಡೆ ಎರಡು ಕಿಲೋಮೀಟರಿಗೆ ಮಳೆ ಬದಲಾಗುತ್ತದೆ. ಸರ್ಕಾರದ ಮಾಪಕ ಎಲ್ಲ ಗುಡ್ಡದಲ್ಲೂ ಇರಲು ಸಾಧ್ಯವಿಲ್ಲ. ಆ ಗುಡ್ಡಗಳ ಮಳೆ ಇರುವುದು ತೋಟದ ಮನೆಯ ಕಪಾಟಿನಲ್ಲಿ, ಅಜ್ಜ ಬರೆದ ಮಳೆ ಪುಸ್ತಕದಲ್ಲಿ.

ಆ ಪುಸ್ತಕಗಳು ಹೋಗುತ್ತಿವೆ. ಅಳತೆಗೆ ಹೋದ ಮನೆಗಳಲ್ಲಿ ಇಂಥ ಪುಸ್ತಕಗಳನ್ನು ಎಷ್ಟೋ ನೋಡಿದ್ದೇನೆ. ಉದ್ದನೆಯ ಲೆಡ್ಜರು, ತಿಂಗಳಿಗೊಂದು ಪುಟ, ದಿನಕ್ಕೊಂದು ಗೆರೆ. ಪಕ್ಕದಲ್ಲಿ ಹೂ ಮಳೆಯ ತಾರೀಕು, ಕೊಯ್ಲು ಶುರುವಾದ ದಿನ, ಸೇತುವೆ ಮುಳುಗಿದ ದಿನ. ತೋಟ ಮಾರಿದಾಗ, ಹಳೇ ಮನೆ ಕೆಡವಿದಾಗ, ಮಕ್ಕಳು ಬೆಂಗಳೂರು ಸೇರಿದಾಗ ಅವು ಗುಜರಿಗೆ ಹೋಗುತ್ತವೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಜಾರಿದ್ದು ಎಲ್ಲರಿಗೂ ನೆನಪಿದೆ. ಇಂಥ ಮಳೆ ಆ ಗುಡ್ಡದಲ್ಲಿ ಹಿಂದೆ ಬಂದಿತ್ತೇ, ಯಾವ ವರ್ಷ, ಎಷ್ಟು ದಿನ ಸತತವಾಗಿ ಎಂದು ಕೇಳಿದರೆ ಉತ್ತರ ಹೇಳುವ ಕಾಗದ ಅದೊಂದೇ. ದಯವಿಟ್ಟು ಅದನ್ನು ಎಸೆಯಬೇಡಿ, ಎಸೆಯಲು ಬಿಡಬೇಡಿ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ನೆಂಟರ ಮನೆಯಲ್ಲಿ ಕೇಳಿ. ನಮಗೆ ಪುರುಸೊತ್ತಿದೆ, ಈ ಕೆಲಸ ನಮ್ಮದೇ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವನ್ನೂ ಬರೆಯುತ್ತೇನೆ.

ಬ್ಯಾಂಕಿನಲ್ಲಿದ್ದ ಒಬ್ಬ ಅಮ್ಮ ಕೇಳಿದರು: "ನಮ್ಮ ಮನೆ ಪೇಟೆಯಲ್ಲಿ, ಮಾಪಕ ಇಲ್ಲ. ಡಬ್ಬ ಇಟ್ಟರೆ ಆಗುತ್ತದಾ ಸಾರ್?" ಖಂಡಿತ ಆಗುತ್ತದಮ್ಮ. ಬಾಯಿ, ತಳ ಒಂದೇ ಅಗಲ ಇರುವ ನೆಟ್ಟಗಿನ ಡಬ್ಬ ಸಾಕು. ಅಗಲ ಎಷ್ಟೇ ಇರಲಿ, ನಿಂತ ನೀರಿನ ಆಳವೇ ಮಳೆ. ಸಣ್ಣ ಮಳೆಯನ್ನು ಆಳದಲ್ಲಿ ಓದುವುದು ಕಷ್ಟ, ಅದಕ್ಕೇ ಮಾಪಕದಲ್ಲಿ ಅಗಲ ಬಾಯಿಯ ನೀರನ್ನು ಸಪೂರ ಗಾಜಿಗೆ ಹಾಕಿ ನೋಡುವುದು. ಗಾಜಿನ ಬಾಯಿಯ ವಿಸ್ತೀರ್ಣ ಮಾಪಕದ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗ ಇದ್ದರೆ ಒಂದು ಇಂಚು ಮಳೆ ಹತ್ತು ಇಂಚಾಗಿ ಕಾಣುತ್ತದೆ. ಡಬ್ಬದ ಬಾಯಿ ನೆಲದಿಂದ ಒಂದು ಅಡಿ ಎತ್ತರದಲ್ಲಿರಲಿ, ಕೆಳಗಿನ ಹನಿ ಸಿಡಿದು ಒಳಗೆ ಬೀಳಬಾರದು. ಮರ, ಗೋಡೆಯಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ, ಹವಾಮಾನ ಇಲಾಖೆಯದೂ ಅದೇ ಹೊತ್ತು.

ಇನ್ನೊಬ್ಬರು ಹೇಳಿದರು, ಫೋನಿನಲ್ಲಿ ತೋರಿಸುವ ಮಳೆಗೂ ಅವರ ಮಾಪಕಕ್ಕೂ ತಾಳೆ ಆಗುವುದಿಲ್ಲ ಎಂದು. ಫೋನಿನದು ಬಹಳ ಸಲ ಸುತ್ತಲಿನ ದೊಡ್ಡ ಜಾಗಕ್ಕೆ ಹಾಕಿದ ಅಂದಾಜು. ನಿಮ್ಮ ಅಂಗಳದ ನೀರು ನಿಮ್ಮ ಡಬ್ಬದಲ್ಲಿದೆ. ಡಬ್ಬ ಸರಿಯಾದ ಜಾಗದಲ್ಲಿದ್ದರೆ ಅದನ್ನೇ ನಂಬಿ.

ಕೊನೆಯದಾಗಿ ಬಾಳೆಹೊನ್ನೂರು ಕಡೆಯ ಹಿರಿಯರೊಬ್ಬರು, ಅವರ ತಂದೆಯ ಮಳೆ ಪುಸ್ತಕ ಗೆದ್ದಲು ಹಿಡಿಯುತ್ತಿದೆ, ಏನು ಮಾಡಲಿ ಎಂದರು. ಮೊದಲು ಪ್ರತಿ ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆಯಿರಿ. ಬೆಳಕಿರುವಾಗ, ನೇರವಾಗಿ ಮೇಲಿನಿಂದ. ಒಂದು ಪ್ರತಿ ಮಕ್ಕಳ ಹತ್ತಿರ, ಇನ್ನೊಂದು ಬೇರೆ ಊರಿನ ನೆಂಟರ ಹತ್ತಿರ ಇರಲಿ. ಆಮೇಲೆ ಒಂದು ಹಾಳೆಯಲ್ಲಿ ನಿಮಗೆ ನೆನಪಿರುವಷ್ಟು ಬರೆಯಿರಿ: ಮಾಪಕ ತೋಟದ ಯಾವ ಕಡೆ ಇತ್ತು, ಯಾವ ವರ್ಷ ಜಾಗ ಬದಲಾಯಿತು, ಹತ್ತಿರ ಸಿಲ್ವರ್ ಓಕ್ ಬೆಳೆದು ಅಡ್ಡ ಬಂತೇ, ತಂದೆ ಊರಿನಲ್ಲಿ ಇಲ್ಲದಾಗ ಯಾರು ನೋಡುತ್ತಿದ್ದರು. ಗೊಮ್ಮಟನ ಎತ್ತರದಲ್ಲಿ ಆದ ಗೊಂದಲ ಇಲ್ಲಿ ಆಗಬಾರದು. ಇನ್ನು ಪುಸ್ತಕವನ್ನು ಮುಂದುವರಿಸುವುದಾದರೆ, ಮಳೆ ಬರದ ದಿನವೂ ಸೊನ್ನೆ ಬರೆಯಿರಿ. ಜಾಗ ಖಾಲಿ ಬಿಟ್ಟರೆ, ಅವತ್ತು ಮಳೆ ಇರಲಿಲ್ಲವೋ ಅಥವಾ ಯಾರೂ ನೋಡಲಿಲ್ಲವೋ ಎಂದು ಮುಂದಿನವರಿಗೆ ಗೊತ್ತಾಗುವುದಿಲ್ಲ.